ಬೀದಿಯಲ್ಲಿ ಮಲಗುವವರಿಗೆ ಹಳೇ ರಗ್ಗು, ಸ್ವೆಟರ್: ಯಾವುದು ಕೊಡಬೇಕು, ಯಾವುದು ಬೇಡ?

ಕೇಳಿದವರು, ಚಿಕ್ಕಮಗಳೂರು:
ಬಸ್ ಸ್ಟ್ಯಾಂಡ್ ಸುತ್ತಮುತ್ತ ಅಂಗಡಿ ಜಗಲಿಗಳಲ್ಲಿ ಮಲಗುವವರಿಗೆ ಬಳಸಿದ ಬೆಚ್ಚನೆ ಬಟ್ಟೆ ಒಟ್ಟುಮಾಡಿ ಕೊಡಬೇಕು ಅಂದುಕೊಂಡಿದ್ದೇವೆ. ಈ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳಿ.

ಉತ್ತರ, ಚಿಕ್ಕಮಗಳೂರು:
ನಮ್ಮ ಗುಂಪು ಪ್ರತಿ ಚಳಿಗಾಲ ಇದನ್ನು ಮಾಡುತ್ತದೆ. ಸ್ವಲ್ಪ ಉದ್ದವಾದರೂ ಓದಿ.

ಹೊದಿಕೆ ಎಲ್ಲರೂ ಕೊಡುತ್ತಾರೆ, ಹಾಸುವುದಕ್ಕೆ ಯಾರೂ ಕೊಡುವುದಿಲ್ಲ. ಸಾವಿರ ಮೀಟರ್ ಎತ್ತರದ ಊರು ನಮ್ಮದು. ಡಿಸೆಂಬರ್, ಜನವರಿ ರಾತ್ರಿ ಸಿಮೆಂಟ್ ಜಗಲಿ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಮೈ ಕೆಳಗೆ ಸಿಕ್ಕ ರಗ್ಗು ಅಪ್ಪಚ್ಚಿಯಾಗಿ, ಅದರೊಳಗೆ ಗಾಳಿ ನಿಲ್ಲುವುದಿಲ್ಲ. ಗಾಳಿ ಇಲ್ಲದಿದ್ದರೆ ಬಿಸಿಯೂ ಇಲ್ಲ. ಹಾಗಾಗಿ ಎರಡು ರಗ್ಗು ಕೊಡುವ ಬದಲು ಒಂದು ಹಾಸು, ಒಂದು ರಗ್ಗು ಕೊಡಿ. ಹಳೇ ಯೋಗಾ ಮ್ಯಾಟ್, ಫ್ರಿಜ್ ಪ್ಯಾಕಿಂಗ್‌ನ ಬಿಳಿ ಫೋಮ್, ದಪ್ಪ ರಟ್ಟು, ಯಾವುದಾದರೂ ಆಗುತ್ತದೆ. ಕಾಫಿ ತುಂಬಿದ್ದ ಗೋಣಿಚೀಲ ಹರಿದಿದ್ದರೆ ತೋಟದವರು ಸುಮ್ನೆ ಕೊಡುತ್ತಾರೆ. ಅದನ್ನು ಮಡಚಿ ಹಾಸಿ, ಅಡಿಗೆ ಹಳೇ ಫ್ಲೆಕ್ಸ್ ಹಾಕಿದರೆ ನೆಲದ ತೇವ ಮೇಲೆ ಬರುವುದಿಲ್ಲ.

ಇನ್ನು ಭಾರ. ಅಂಗಡಿ ಶಟರ್ ಎತ್ತುವ ಮೊದಲೇ ಅವರು ಜಾಗ ಖಾಲಿ ಮಾಡಬೇಕು. ಮೂಲೆಯಲ್ಲಿ ಸುತ್ತಿಟ್ಟು ಹೋದರೆ ಕಸದ ಗಾಡಿ ಪಾಲು. ಒಬ್ಬ ಅಜ್ಜ ದಪ್ಪ ರಜಾಯಿಯನ್ನು ಕೈಯಲ್ಲೇ ತೂಗಿ ನೋಡಿ ವಾಪಸ್ ಕೊಟ್ಟರು. "ಇದನ್ನ ಹೊತ್ಕೊಂಡು ಎಲ್ ತಿರುಗ್ಲಿ ಮಗಾ? ಆ ಟೋಪಿ ಕೊಡು, ಸಾಕು." ಮಂಕಿ ಕ್ಯಾಪ್, ಮಫ್ಲರ್, ಕಾಲುಚೀಲ ಎಷ್ಟಿದ್ದರೂ ಖರ್ಚಾಗುತ್ತವೆ. ಹೆಗಲಿಗೆ ಹಾಕುವ ಹಳೇ ಸ್ಕೂಲ್ ಬ್ಯಾಗ್ ಜೊತೆಗಿದ್ದರೆ ಇನ್ನೂ ಒಳ್ಳೇದು.

ಮುಳ್ಳಯ್ಯನಗಿರಿ ಕಡೆ ಟ್ರೆಕ್ಕಿಂಗ್ ಮಾಡುವವರು ಸ್ಲೀಪಿಂಗ್ ಬ್ಯಾಗ್ ಕೊಡುತ್ತೇವೆ ಅನ್ನಬಹುದು. ಬೀದಿಯಲ್ಲಿ ಮಲಗಿದವರು ಯಾವ ಹೊತ್ತಿನಲ್ಲೂ ತಟ್ಟನೆ ಎದ್ದು ಓಡಬೇಕಾಗಬಹುದು. ಕತ್ತಿನ ತನಕ ಜಿಪ್ ಎಳೆದುಕೊಂಡು ಮಲಗಲು ಅವರಿಗೆ ಧೈರ್ಯ ಬರುವುದಿಲ್ಲ. ಪೂರ್ತಿ ಬಿಚ್ಚಿ ಹೊದೆಯಲು ಬರುವಂಥದ್ದನ್ನೇ ಆರಿಸಿ. ಪುಕ್ಕ ತುಂಬಿದ ದುಬಾರಿ ಬ್ಯಾಗ್ ಬೇಡ. ನೆನೆದರೆ ಮುದುಡಿಹೋಗುತ್ತದೆ, ಒಣಗಿಸಲು ಅವರಿಗೆ ಜಾಗ ಎಲ್ಲಿದೆ?

ನನ್ನನ್ನು ಕೇಳಿದರೆ ಕುರಿ ಉಣ್ಣೆ ಕಂಬಳಿಯೇ ಮೇಲು. ಸ್ವಲ್ಪ ಒದ್ದೆಯಾದರೂ ಬಿಸಿ ಉಳಿಸಿಕೊಳ್ಳುತ್ತದೆ. ನಮ್ಮ ಹಿರಿಯರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದದ್ದು ಅದಕ್ಕೇ ಅಲ್ವಾ? ಚುಚ್ಚುತ್ತದೆ ಅನ್ನುವವರು ಒಳಗೆ ಹಳೇ ಪಂಚೆ ಸೇರಿಸಿಕೊಳ್ಳಲಿ.

ಉತ್ತರ, ಹಾಸನ:
ಅಣ್ಣ ಹೇಳಿದ್ದೆಲ್ಲ ಸರಿ. ಹೆಂಗಸರ ವಿಷಯ ನಾನು ಸೇರಿಸುತ್ತೇನೆ. ತಲೆಯಿಂದ ತೂರಿಸುವ ಸ್ವೆಟರ್ ಸೀರೆ ಮೇಲೆ ಹಾಕಲು ಕಷ್ಟ, ಮುಂದೆ ಗುಂಡಿ ಇರುವುದನ್ನೇ ಎತ್ತಿಡಿ. ಗುಂಡಿ ಉದುರಿದ್ದರೆ ಹೊಲಿದು ಕೊಡಿ. ಎಲ್ಲವನ್ನೂ ಒಗೆದೇ ಕೊಡಬೇಕು. ಬಿಸಿನೀರಿಗೆ ಹಾಕಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಕಜ್ಜಿ ಹುಳ ಮನುಷ್ಯರ ಮೈ ಬಿಟ್ಟರೆ ಸಾಮಾನ್ಯವಾಗಿ 2-3 ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಮತ್ತೆ, ಕೊಡುವಾಗ ಫೋಟೋ ಬೇಡ.

ಉತ್ತರ, ಹಾಸನ:
ಆಶ್ರಯ ಕೇಂದ್ರದ ಬಗ್ಗೆಯೂ ವಿಚಾರಿಸಿ. 1 ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲು ರಾತ್ರಿ ತೆರೆದಿರುವ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿ ಹೊತ್ತಿಗೇ ನಿಮ್ಮೂರು, ನಮ್ಮೂರು ಎರಡೂ 1 ಲಕ್ಷ ದಾಟಿದ್ದವು.

ಚಳಿಯಲ್ಲಿ ನಡುಗುತ್ತಿದ್ದವರು ನಡುಗುವುದೇ ನಿಂತು ತೊದಲುತ್ತಿದ್ದರೆ, ಎಬ್ಬಿಸಿದರೂ ಮಂಪರಲ್ಲೇ ಇದ್ದರೆ, ಕುಡಿದಿದ್ದಾರೆ ಅಂತ ಬಿಟ್ಟು ಬರಬೇಡಿ. ಕುಡಿದವರ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. 108ಕ್ಕೆ ಫೋನ್ ಮಾಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಗೋಣಿಚೀಲ ಮಾವನ ತೋಟದಿಂದ ತರಿಸುತ್ತೇನೆ. ಹಳೇ ಫ್ಲೆಕ್ಸ್ ಯಾರ ಹತ್ತಿರ ಇದೆ?