‘ಜನಾಂಗ’ ಎಂದು ಬರೆದರೆ ಜಾತಿ ಬರೆಯುತ್ತಾರೆ: ಬೇರೆ ಪದವಿದೆಯೇ?

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ಪರಿಚಿತರೊಬ್ಬರಿಗಾಗಿ ವಿದ್ಯಾರ್ಥಿವೇತನದ ಅರ್ಜಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದರ ಕೆಳಗೊಂದು ಮೂರು ಕಾಲಂಗಳಿವೆ: ನ್ಯಾಷನಾಲಿಟಿ, ಸಿಟಿಜನ್‌ಶಿಪ್, ಎಥ್ನಿಸಿಟಿ. ರಾಷ್ಟ್ರೀಯತೆ, ಪೌರತ್ವ ಎಂದು ಸರಸರನೆ ಬರೆದೆ. ಮೂರನೆಯದು ವಂಶ, ಭಾಷೆ, ಸಂಸ್ಕೃತಿಯಿಂದ ನೀವು ಯಾವ ಜನರವರು ಎಂಬ ಪ್ರಶ್ನೆ. ಅದಕ್ಕೆ ‘ಜನಾಂಗ’ ಎಂದು ಬರೆದವನು ಎರಡು ದಿನಗಳಿಂದ ಅಲ್ಲಿಯೇ ಕುಳಿತಿದ್ದೇನೆ.

ಪೌರತ್ವದ ಬಗ್ಗೆ ನನ್ನ ತಕರಾರು ಸಣ್ಣದು. ಪುರದವನು ಪೌರ, ನಗರದವನು ನಾಗರಿಕ. ಹಿಂದಿಯವರಿಗೆ ‘ನಾಗರಿಕತಾ’ ಸಾಕಾಯಿತು. ನಾವು ‘ನಾಗರಿಕತೆ’ಯನ್ನು ಸಿಂಧೂ ಕಣಿವೆಗೆ ಕೊಟ್ಟುಬಿಟ್ಟಿದ್ದರಿಂದ ಪುರವನ್ನು ಹಿಡಿದುಕೊಂಡೆವು. ಜೊಯಿಡಾದ ಕಾಡಿನಲ್ಲಿ ಪುರವೂ ಇಲ್ಲ, ನಗರವೂ ಇಲ್ಲ, ಪೌರರು ಮಾತ್ರ ಇದ್ದಾರೆ. ಇರಲಿ, ಪದ ಬಳಕೆಯಲ್ಲಿ ನಿಂತಿದೆ.

ರಾಷ್ಟ್ರೀಯತೆ ಹಾಗಲ್ಲ. ಭಾಷಣದಲ್ಲಿ ಅದು ಭಾವನೆ, ಅರ್ಜಿಯಲ್ಲಿ ಒಂದೇ ಪದದ ಉತ್ತರ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಮುಗಿದರೆ ಗೋವಾ. ಅಲ್ಲಿ 1961ರ ಡಿಸೆಂಬರ್‌ಗಿಂತ ಮೊದಲು ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಪೋರ್ಚುಗಲ್ಲಿನ ಪೌರತ್ವ ಪಡೆಯುವುದುಂಟು. ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲವಾದ್ದರಿಂದ ಆಗ ಭಾರತದ್ದು ಹೋಗುತ್ತದೆ. ಆಮೇಲೆ ಅಂಥವರಿಗೆ ಸಿಗುವ ಕಾರ್ಡಿನ ಹೆಸರು ‘ಸಾಗರೋತ್ತರ ಭಾರತೀಯ ನಾಗರಿಕ’. ಹೆಸರಿನಲ್ಲಿ ನಾಗರಿಕನಿದ್ದಾನೆ, ಕೈಯಲ್ಲಿ ಮತವಿಲ್ಲ. ಇತ್ತ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ 1987ರ ಜುಲೈ 1ಕ್ಕಿಂತ ಮೊದಲು ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತದ ಪೌರರು. ರಾಷ್ಟ್ರ ಯಾವುದೆಂದು ಕೇಳಿದರೆ ಟಿಬೆಟ್ ಎನ್ನುವವರು ಅವರಲ್ಲಿ ಇರಬಹುದು, ಅದನ್ನು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ಆದ್ದರಿಂದ ಎರಡೂ ಕಾಲಂ ಬೇಕೇ ಬೇಕು.

ನಿಜವಾದ ಕಗ್ಗಂಟು ಮೂರನೆಯದು. ‘ಜನಾಂಗ’ ಎಂದು ಅಚ್ಚು ಹಾಕಿಸಿದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಜಾತಿಯನ್ನೇ ಬರೆಯುತ್ತಾರೆ. ಜಾತಿ ಸಂಘಗಳ ಕರಪತ್ರಗಳಲ್ಲಿ ‘ನಮ್ಮ ಜನಾಂಗದ ಬಾಂಧವರೇ’ ಎಂದೇ ಇರುತ್ತದೆ. ‘ಬುಡಕಟ್ಟು’ ಎಂದರೆ ಅರ್ಧದಷ್ಟು ಜನರಿಗೆ ಸಂಬಂಧವಿಲ್ಲ. ‘ಮೂಲ’ ಎಂದರೆ ಹೇಗೆ ಎಂದುಕೊಂಡಿದ್ದೆ, ಆದರೆ ಹೋದ ತಿಂಗಳು ಝೆರಾಕ್ಸ್ ಅಂಗಡಿಯಲ್ಲಿ ಕಂಡದ್ದು ಅದನ್ನು ಕೆಡಿಸಿತು.

ನನ್ನ ಮುಂದೆ ಯಲ್ಲಾಪುರದ ಕಡೆಯ ಸಿದ್ದಿ ಹುಡುಗನೊಬ್ಬ ಕಾಗದಪತ್ರ ಹಿಡಿದು ನಿಂತಿದ್ದ. ಅರ್ಜಿ ತುಂಬಿಸುತ್ತಿದ್ದವರು ಅವನ ಗುಂಗುರು ಕೂದಲನ್ನು ನೋಡಿ, ಬಿಡಿಸಿ ಬಿಡಿಸಿ ಹಿಂದಿಯಲ್ಲಿ ‘ಯಾವ ದೇಶ?’ ಎಂದು ಕೇಳಿದರು. ‘ಹಿತ್ಲಳ್ಳಿ ದೇಶ ಅಲ್ಲ ಮಾರಾಯರೇ, ಊರು’ ಎಂದ. ಅವರು ನಗಲಿಲ್ಲ, ಅವನಿಗೆ ನಗುವ ಅಗತ್ಯವೂ ಇರಲಿಲ್ಲ, ದಿನಾ ಹೇಳಿ ಅಭ್ಯಾಸವಾದ ಉತ್ತರ. ಅವನ ಕಾಗದಗಳಲ್ಲಿ ಇನ್ನೊಂದು ತೊಡಕಿತ್ತು. ಶಾಲೆಯ ದಾಖಲೆಯಲ್ಲಿ ‘ಸಿದ್ದಿ’, ಪಡಿತರ ಚೀಟಿಯಲ್ಲಿ ‘ಸಿದ್ಧಿ’. ಸಂಸ್ಕೃತ ಬಲ್ಲ ಯಾರೋ ಪುಣ್ಯಾತ್ಮ ತಪ್ಪು ತಿದ್ದಿದೆನೆಂದುಕೊಂಡು ಮಹಾಪ್ರಾಣ ಕೊಟ್ಟಿದ್ದಾನೆ! ಆ ಪದಕ್ಕೂ ತಪಸ್ಸಿನ ಸಿದ್ಧಿಗೂ ಸಂಬಂಧವಿಲ್ಲ. ಅರಬ್ಬಿಯ ‘ಸಯ್ಯಿದಿ’, ಅಂದರೆ ‘ನನ್ನ ಒಡೆಯ’ ಎಂಬುದರಿಂದ ಬಂದದ್ದೆಂದು ಹೇಳುತ್ತಾರೆ. ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿಗೆ ಒಡೆಯನೆಂಬ ಹೆಸರು. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂವರೂ ಇರುವುದರಿಂದ ಮಂಜುನಾಥ, ಹುಸೇನ್, ಫ್ರಾನ್ಸಿಸ್ ಎಂಬ ಮೂರು ದಿಕ್ಕಿನ ಹೆಸರುಗಳನ್ನು ಕಟ್ಟುವುದು ಕೊನೆಯ ಆ ಒಂದು ಪದ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಒಂದು ಒತ್ತಕ್ಷರಕ್ಕೂ ಕಚೇರಿ ಅಲೆಯಬೇಕಾದೀತು.

ಹೀಗಾಗಿ ‘ಮೂಲ’ ಬೇಡ ಎನಿಸಿದೆ. ಆ ಪದ ಝೆರಾಕ್ಸ್ ಅಂಗಡಿಯ ಪ್ರಶ್ನೆಯನ್ನೇ ಅಚ್ಚಿನಲ್ಲಿ ಕೇಳುತ್ತದೆ. ಸದ್ಯಕ್ಕೆ ‘ಸಮುದಾಯ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಸಪ್ಪೆಯಾಗಿದೆ, ಆದರೆ ಯಾರನ್ನೂ ಊರಿನಿಂದ ಹೊರಗೆ ಹಾಕುವುದಿಲ್ಲ. ಜಾತಿಯೆಂದು ಓದಿಕೊಳ್ಳುವ ಅಪಾಯ ಇದರಲ್ಲಿಯೂ ಇದೆ. ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆಯ ಬಳಕೆಯಲ್ಲಿದ್ದರೆ ತಿಳಿಸಿ. ನಿಘಂಟಿನಲ್ಲಿ ಮಾತ್ರ ಇರುವ ಪದ ಬೇಡ, ಆ ಹುಡುಗ ಯಾರನ್ನೂ ಕೇಳದೆ ತುಂಬುವಂತಿರಬೇಕು. ಶುಕ್ರವಾರ ಅರ್ಜಿ ಅಚ್ಚಿಗೆ ಹೋಗುತ್ತದೆ.