ಊರಲ್ಲಿ ಬೇಡ ಅಂತಾನೆ, ಬೆಂಗಳೂರಲ್ಲೇ ಎಚ್‌ಐವಿಯ ಎಆರ್‌ಟಿ ಗುಳಿಗೆ ಸಿಗ್ತದೇನ್ರಿ?

ಕೃಷ್ಣಾತೀರ: ನಮ್ಮ ಕಾಕಾನ ಮಗ ಬೆಂಗಳೂರಾಗ ಸೆಂಟ್ರಿಂಗ್ ಕೆಲಸ ಮಾಡ್ತಾನ್ರಿ. ಸೈಟಿನ ಹತ್ರ ಕ್ಯಾಂಪ್ ಹಾಕಿದ್ರು, ಬೆರಳು ಚುಚ್ಚಿ ಎಚ್‌ಐವಿ ಟೆಸ್ಟ್ ಮಾಡಿದ್ರಂತ, ರಿಯಾಕ್ಟಿವ್ (ಸೋಂಕು ಇರಬಹುದು) ಅಂತ ಬಂದೈತಿ, ಐಸಿಟಿಸಿಗೆ (ಸರ್ಕಾರಿ ಎಚ್‌ಐವಿ ಟೆಸ್ಟ್-ಕೌನ್ಸೆಲಿಂಗ್ ಸೆಂಟರ್) ಹೋಗು ಅಂದಾರ. ಊರಿಗೆ ಬಾ ಅಂದ್ರ ಒಲ್ಲೆ ಅಂತಾನ, ತಾಲೂಕಾ ಆಸ್ಪತ್ರ್ಯಾಗ ಚೀಟಿ ಬರಿಯೋರ ತನಕ ಎಲ್ಲಾರೂ ಗುರ್ತಿನವರು. ಆಧಾರ್ ಬಾಗಲಕೋಟಿದು, ಅಲ್ಲಿ ತಗೋತಾರೇನು? ಸೈಟ್ ಬದ್ಲಾದ್ರ ಏನ್ ಮಾಡೂದು? ಹೆಂಡ್ತಿ ಊರಾಗ ಅದಾಳ, ಆಕಿಗಿನ್ನೂ ಹೇಳಿಲ್ಲ.

ಸುಮಾ_ಕೌನ್ಸೆಲರ್: ಮೊದ್ಲು ಕನ್ಫರ್ಮ್ ಆಗ್ಲಿ ಸರ್, ಕ್ಯಾಂಪಲ್ಲಿ ಮಾಡೋದು ಬರೀ ಸ್ಕ್ರೀನಿಂಗ್. ಐಸಿಟಿಸಿಲಿ ಬೇರೆ ಬೇರೆ ಮೂರು ಕಿಟ್‌ಲ್ಲಿ ನೋಡಿ ಆಮೇಲೆ ಪಾಸಿಟಿವ್ ಅಂತ ಬರ್ಕೊಡ್ತಾರೆ, ದುಡ್ಡೇನಿಲ್ಲ. ಬೇರೆ ಜಿಲ್ಲೆಯವ್ರು ಅಂತ ವಾಪಸ್ ಕಳ್ಸಲ್ಲ. 2017ರಿಂದ ಸಿಡಿ4 (ರಕ್ತದಲ್ಲಿ ರೋಗ ತಡೆಯೋ ಕಣಗಳ ಲೆಕ್ಕ) ಎಷ್ಟೇ ಇರ್ಲಿ ಗುಳಿಗೆ ಶುರು ಮಾಡ್ತಾರೆ, ಆದ್ರೆ ಟಿಬಿ ಲಕ್ಷಣ ಇದ್ರೆ ಅದನ್ನ ಮೊದ್ಲು ನೋಡ್ತಾರೆ, ಕೆಮ್ಮು ಜ್ವರ ಇದ್ರೆ ಮುಚ್ಚಿಡ್ಬಾರ್ದು.

ಪ್ರೈವೇಟ್_ಗುರು: ಸರ್ಕಾರಿ ಕ್ಯೂ ಯಾಕೆ, ಪ್ರೈವೇಟ್ ಲ್ಯಾಬಲ್ಲಿ ಮಾಡ್ಸಿ ಮುಗೀತು.

ಹಳೇ_ಪೇಷಂಟ್: ಟೆಸ್ಟ್ ಮುಗಿಯುತ್ತೆ ಗುರು, ಗುಳಿಗೆ ಜೀವನಪೂರ್ತಿ ಅಲ್ವಾ, ತಿಂಗಳು ತಿಂಗಳು ಕೈಯಿಂದ ಕೊಟ್ಟು ಕೊನೆಗೆ ಬಿಟ್ಟೋರನ್ನ ನೋಡಿದೀನಿ. ನಾನು ಬೆಂಗಳೂರಲ್ಲಿ ಶುರು ಮಾಡಿ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ತಗೊಂಡೆ. ಊರು ಬಿಡೋಕೆ ಮುಂಚೆ ಎಆರ್‌ಟಿ ಸೆಂಟರಲ್ಲಿ ಹೇಳ್ಬೇಕು, ಟ್ರೀಟ್‌ಮೆಂಟ್ ಬುಕ್ ಜೊತೆ ಪತ್ರ ಕೊಡ್ತಾರೆ. ಹೇಳ್ದೆ ಹೋದ್ರೆ ಗುಳಿಗೆ ಗ್ಯಾಪ್ ಬೀಳುತ್ತೆ, ಎಷ್ಟೋ ಜನ ಕೈತಪ್ಪೋದು ಅಲ್ಲೇ. ಟಿಎಲ್‌ಡಿ ಅಂತ, ಮೂರು ಔಷಧಿ ಸೇರಿರೋ ದಿನಕ್ಕೊಂದೇ ಗುಳಿಗೆ, ನಾನು ಡಬ್ಬಿ ಲೇಬಲ್ ಕಿತ್ತಾಕ್ತೀನಿ, ರೂಮಲ್ಲಿ ನಾಲ್ಕು ಜನ ಇದ್ರೆ ಇಂಥದ್ದೇ ದೊಡ್ಡ ವಿಷಯ. ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದ್ರೆ ಸೆಕ್ಸ್‌ನಿಂದ ಹೆಂಡ್ತಿಗೆ ಹರಡಲ್ಲ, ಇದನ್ನ ಅವ್ನಿಗೆ ಮೊದ್ಲು ಹೇಳಿ.

ಕೃಷ್ಣಾತೀರ: ಆಕಿಗೆ ಸೋಂಕು ತಗಲದಂಗ 72 ತಾಸಿನ್ಯಾಗ ಶುರು ಮಾಡೋ ಗುಳಿಗೆ ಕೊಡಬಹುದೇನ್ರಿ? ಇಂವ ಊರಿಗೆ ಬಂದು ಹೋಗಿ ತಿಂಗಳಾಗೈತಿ.

ಸುಮಾ_ಕೌನ್ಸೆಲರ್: ಪೆಪ್ ಅದು, 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೋಬೇಕು, ಈಗ ಟೈಮ್ ಮುಗ್ದಿದೆ. ಆಕೆಗೆ ಈಗ್ಲೇ ಟೆಸ್ಟ್ ಆಗ್ಲಿ, ನೆಗೆಟಿವ್ ಬಂದ್ರೂ ಕೊನೆ ಸಲ ಸೇರಿ ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ, ಅಲ್ಲೀವರೆಗೂ ಕಾಂಡೋಮ್. ಪ್ರೆಗ್ನೆಂಟ್ ಇದ್ರೆ ಅದನ್ನೂ ಹೇಳ್ಬೇಕು, ಮಗುವಿಗೆ ಬರ್ದಂಗೆ ತಡೆಯೋಕೆ ಔಷಧಿ ಇದೆ. ಊರಲ್ಲಿ ನೀವಾಗಿ ಹೇಳ್ಬೇಡಿ, ಅವನೇ ಹೇಳ್ಲಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಆಸ್ಪತ್ರೆಯವ್ರೂ ಮಾತು ಹೊರಗೆ ಬಿಡೋ ಹಾಗಿಲ್ಲ, ಹೆಂಡ್ತಿಗೆ ಮಾತ್ರ, ಎಷ್ಟು ಕೌನ್ಸೆಲಿಂಗ್ ಮಾಡಿದ್ರೂ ಅವನು ಹೇಳ್ದಿದ್ರೆ ಡಾಕ್ಟರ್ ಇಲ್ಲಾ ಕೌನ್ಸೆಲರ್ ತಿಳಿಸೋಕೆ ಅವಕಾಶ ಇದೆ.

ಕೃಷ್ಣಾತೀರ: ಹೌದ್ರಿ, ರವಿವಾರ ನಾನೇ ಬೆಂಗಳೂರಿಗೆ ಹೋಗ್ತೀನಿ, ಸೋಮವಾರ ಕರ್ಕೊಂಡು ಹೋಗ್ತೀನಿ. ಹತ್ರ ಯಾವುದೈತಿ?

ಹಳೇ_ಪೇಷಂಟ್: 1097ಕ್ಕೆ ಫೋನ್ ಮಾಡಿ, ಫ್ರೀ, ಸೈಟ್ ಇರೋ ಏರಿಯಾ ಹೇಳಿದ್ರೆ ಸೆಂಟರ್ ಹೇಳ್ತಾರೆ. ಆಧಾರ್ ಜೊತೆ ಎರಡು ಫೋಟೋ ಇಟ್ಕೊಳ್ಳಿ, ಬೆಳಗ್ಗೆ ಬೇಗ ಹೋಗಿ, ಸೋಮವಾರ ಸಿಕ್ಕಾಪಟ್ಟೆ ರಶ್ ಇರುತ್ತೆ.