ಅಪ್‌ಡೇಟ್: ಸುಸ್ತಾದ ದಿನದ ರಾತ್ರಿ ಅಡುಗೆ, ಕೊನೆಗೆ ಏನಾಯ್ತು

ಕೆಲಸ ಮುಗಿಸಿ ಸುಸ್ತಾಗಿ ಬಂದ ದಿನ ಮನೆಮಂದಿಗೆಲ್ಲ ಸುಲಭವಾಗಿ ಏನು ಅಡುಗೆ ಮಾಡೋದು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೈ ಹಿಡಿದದ್ದು "ಮಾಡುವಾಗಲೇ ಎರಡರಷ್ಟು ಮಾಡಿ, ಅರ್ಧ ಫ್ರೀಜರ್‌ಗೆ ಹಾಕಿ" ಅನ್ನೋ ಸಲಹೆ. ಬೇಯಿಸಿದ ಬೇಳೆ ಆರಿದ ಮೇಲೆ ಜಿಪ್ ಕವರ್‌ಗೆ ಹಾಕಿ, ಗಾಳಿ ತೆಗೆದು, ತಟ್ಟೆ ಮೇಲೆ ಮಲಗಿಸಿ ಇಡುತ್ತೇನೆ. ತೆಳ್ಳಗೆ ಹಲಗೆಯಂತೆ ಗಟ್ಟಿಯಾಗುತ್ತದೆ. ಡಬ್ಬಿಯಲ್ಲಿಟ್ಟರೆ ಕರಗಲು ಹೊತ್ತು ಹಿಡಿಯುತ್ತದೆ. ಇದನ್ನು ಮುರಿದು ನೇರ ಪಾತ್ರೆಗೆ ಹಾಕಬಹುದು. ಮನೆಯಲ್ಲಿರೋ ತರಕಾರಿ ಸೇರಿಸಿ ಕುದಿಸಿದರೆ ಮುಗೀತು.

ವಾರದ ಮೆನು ಬರೆದು ಫ್ರಿಜ್‌ಗೆ ಅಂಟಿಸೋದು ನಮ್ಮಲ್ಲಿ ನಡೆಯಲಿಲ್ಲ. ಬರೆದದ್ದು ಆ ದಿನ ಯಾರಿಗೂ ಬೇಡ! ತರಕಾರಿ ಮೊದಲೇ ಹೆಚ್ಚಿಡೋದೂ ಅಷ್ಟಕ್ಕಷ್ಟೇ. ಕ್ಯಾರೆಟ್, ಬೀನ್ಸ್ ಪರವಾಗಿಲ್ಲ, ಸೌತೆಕಾಯಿ ನೀರು ಬಿಟ್ಟಿತು.

ನನಗೆ ಗೊತ್ತೇ ಇರದ ಒಂದು ವಿಷಯ ಅನ್ನದ್ದು. ಅಕ್ಕಿಯಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಜಾಸ್ತಿ ಹೊತ್ತು ಇದ್ದರೆ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಉಳಿದ ಅನ್ನ ಈಗ 2 ಗಂಟೆಯೊಳಗೆ ಫ್ರಿಜ್ ಸೇರುತ್ತದೆ.

ತೀರಾ ಕೈಲಾಗದ ದಿನ ಮೊಟ್ಟೆ, ಬ್ರೆಡ್ಡು. ಯಾರೂ ತಕರಾರು ಮಾಡಿಲ್ಲ.